ಟೆಕ್ಸಸ್‌ನಲ್ಲಿ ನೋಟರಿಯಾಗಲು ಹೊರಟಿರುವ ದಾವಣಗೆರೆಯ ವಕೀಲರಿಗೆ

ಓದುಗರ ಪ್ರಶ್ನೆ: "ನಮಸ್ಕಾರ ಸರ್. ದಾವಣಗೆರೆಯಲ್ಲಿ ಐದು ವರ್ಷ ವಕೀಲಿಕೆ ಮಾಡಿ, ಮದುವೆಯ ನಂತರ ಡಲ್ಲಾಸ್ ಸಮೀಪದ ಫ್ರಿಸ್ಕೊಗೆ ಬಂದವಳು ನಾನು. ಪತಿ ಎಚ್-1ಬಿ ವೀಸಾದಲ್ಲಿದ್ದಾರೆ. ನನ್ನದು ಎಚ್-4, ಕಳೆದ ವರ್ಷ ಕೆಲಸದ ಪರವಾನಗಿಯಾದ ಇಎಡಿ ಕಾರ್ಡ್ ಬಂದಿದೆ. ಇಲ್ಲಿ ನೋಟರಿ ಆಗುವುದು ಬಹಳ ಸುಲಭ, ಮನೆಯಲ್ಲೇ ಕುಳಿತು ವಿಡಿಯೊ ಮೂಲಕ ಆನ್‌ಲೈನ್ ನೋಟರಿ ಕೆಲಸ ಮಾಡಿದರೆ ತಿಂಗಳಿಗೆ ಸಾವಿರಾರು ಡಾಲರ್ ಬರುತ್ತದೆ ಎಂದು ಗೆಳತಿಯೊಬ್ಬರು ಹೇಳುತ್ತಾರೆ. ಪೌರತ್ವ ಇಲ್ಲದವರಿಗೆ ಕೊಡುವುದೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಊರಿನ ಆಸ್ತಿಗೆ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮಾಡಿಸುವವರು ಬಹಳ ಮಂದಿ. ಕರಡನ್ನೂ ನಾನೇ ಬರೆದು, ನೋಟರಿಯನ್ನೂ ನಾನೇ ಮಾಡಿಕೊಡಬಹುದೇ? ಊರಿನಲ್ಲಿರುವ ಅತ್ತೆ ಮಾವ ವಿಡಿಯೊದಲ್ಲಿ ಸಹಿ ಮಾಡಿದರೆ ಮುದ್ರೆ ಹಾಕಬಹುದೇ? ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಊರಿಗೆ ಹೋದಾಗಲೂ ಈ ಕೆಲಸ ಮುಂದುವರಿಸಬಹುದೇ?"

ಉತ್ತರ: ನಿಮ್ಮ ಪತ್ರದಲ್ಲಿ ಮೇಲ್ನೋಟಕ್ಕೆ ನಾಲ್ಕೈದು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದೆ ಇರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ: ಊರಿನಲ್ಲಿ ಗಳಿಸಿದ ಕಾನೂನಿನ ತಿಳಿವಳಿಕೆ ಇಲ್ಲಿ ವ್ಯರ್ಥವಾಗುತ್ತಿದೆ, ಅದಕ್ಕೆ ಹತ್ತಿರದ ಯಾವುದಾದರೂ ಕೆಲಸ ಸಿಗಬಹುದೇ ಎಂಬುದು. ನೋಟರಿಯ ಕೆಲಸ ಹಾಗೆ ಕಾಣುವುದು ಸಹಜ. ಆದರೆ ಭಾರತದ ನೋಟರಿಯೂ ಟೆಕ್ಸಸ್‌ನ ನೋಟರಿಯೂ ಹೆಸರಿನಲ್ಲಿ ಮಾತ್ರ ಒಂದೇ, ಹುದ್ದೆಯಲ್ಲಿ ಬೇರೆ ಬೇರೆ. ಆಸ್ತಿ ವಹಿವಾಟಿನ ಕಾಗದಪತ್ರಗಳ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ನಾನು ನೋಡಿರುವಂತೆ, ನಮ್ಮವರು ಇಲ್ಲಿ ಎಡವುವುದು ಈ ವ್ಯತ್ಯಾಸವನ್ನು ಗಮನಿಸದ ಕಾರಣಕ್ಕೇ.

ಭಾರತದಲ್ಲಿ 1952ರ ನೋಟರಿ ಕಾಯ್ದೆ ಮತ್ತು 1956ರ ನಿಯಮಗಳ ಪ್ರಕಾರ ವಕೀಲರು ನೋಟರಿಯಾಗಬೇಕಾದರೆ ಕನಿಷ್ಠ 10 ವರ್ಷ ವೃತ್ತಿ ನಡೆಸಿರಬೇಕು. ಮಹಿಳೆಯರಿಗೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೂ ಅದು 7 ವರ್ಷ. ಹಾಗಾಗಿ ನಮ್ಮ ಮನಸ್ಸಿನಲ್ಲಿ ನೋಟರಿ ಎಂದರೆ ಹಿರಿಯ ವಕೀಲರು, ಕರಡು ತಿದ್ದುವವರು, "ಹೀಗೆ ಬರೆದರೆ ನಿಲ್ಲುವುದಿಲ್ಲ, ಹಾಗೆ ಬರೆಯಿರಿ" ಎಂದು ಹೇಳಬಲ್ಲವರು. ಟೆಕ್ಸಸ್‌ನಲ್ಲಿ 18 ವರ್ಷ ತುಂಬಿದ, ರಾಜ್ಯದ ಕಾನೂನುಬದ್ಧ ನಿವಾಸಿಯಾದ, ಗಂಭೀರ ಅಪರಾಧದಲ್ಲಿ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾಗದ ಯಾರು ಬೇಕಾದರೂ ನೋಟರಿಯಾಗಬಹುದು. ಬ್ಯಾಂಕಿನ ಗುಮಾಸ್ತರು, ಕಾರು ಮಾರುವ ಮಳಿಗೆಯವರು, ಶಾಲೆಯ ಕಚೇರಿ ಸಿಬ್ಬಂದಿ ಎಲ್ಲರೂ ಆಗಿರುತ್ತಾರೆ. ಅವರ ಕೆಲಸ, ಸಹಿ ಮಾಡುತ್ತಿರುವವರು ಯಾರೆಂದು ಖಚಿತಪಡಿಸಿಕೊಳ್ಳುವುದು, ಅವರು ತಮ್ಮ ಇಚ್ಛೆಯಿಂದಲೇ ಎದುರಿಗೆ ಬಂದು ಸಹಿ ಮಾಡಿದರೆಂದು ಅಥವಾ ಪ್ರಮಾಣ ಮಾಡಿದರೆಂದು ದಾಖಲಿಸುವುದು. ಕಾಗದದ ಒಳಗೆ ಬರೆದಿರುವುದು ಸರಿಯೋ ತಪ್ಪೋ ಎಂಬುದಕ್ಕೂ ಅವರಿಗೂ ಸಂಬಂಧವಿಲ್ಲ. ಇಲ್ಲಿ ವಕೀಲನಾಗಿರುವ ನನಗೂ ಮುದ್ರೆ ತಾನಾಗಿ ಬರಲಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕಾಯಿತು.

ಪೌರತ್ವ ಬೇಕೆಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಅಮೆರಿಕದ ಪೌರರಷ್ಟೇ ನೋಟರಿಯಾಗಬೇಕೆಂಬ ಕಾನೂನು ಟೆಕ್ಸಸ್‌ನಲ್ಲಿತ್ತು. ಮೆಕ್ಸಿಕೊ ಮೂಲದ, ಕಾಯಂ ನಿವಾಸಿಯಾಗಿದ್ದ ಕಾನೂನು ಸಹಾಯಕರೊಬ್ಬರು ಅದನ್ನು ಪ್ರಶ್ನಿಸಿದರು. 1984ರಲ್ಲಿ 'ಬರ್ನಾಲ್ ವಿರುದ್ಧ ಫೇಂಟರ್' ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟು ನ್ಯಾಯಮೂರ್ತಿಗಳ ಬಹುಮತದಿಂದ ಆ ಷರತ್ತನ್ನು ತಳ್ಳಿಹಾಕಿತು. ತೀರ್ಪು ಬರೆದವರು ಥರ್ಗುಡ್ ಮಾರ್ಷಲ್. ಅವರು ಕೊಟ್ಟ ಕಾರಣವನ್ನು ನೀವು ವಕೀಲರಾಗಿ ಗಮನಿಸಬೇಕು: ನೋಟರಿಯ ಕೆಲಸ ಗುಮಾಸ್ತಿಕೆಯ ಸ್ವರೂಪದ್ದು, ನಿಯಮ ಹೇಳಿದಷ್ಟನ್ನು ಮಾಡುವಂಥದ್ದು, ಆಳ್ವಿಕೆಯ ಅಧಿಕಾರ ಚಲಾಯಿಸುವಂಥದ್ದಲ್ಲ, ಆದ್ದರಿಂದ ಅದಕ್ಕೆ ಪೌರತ್ವದ ಷರತ್ತು ಹಾಕುವಂತಿಲ್ಲ. ನಿಮಗೆ ಬಾಗಿಲು ತೆರೆದಿರುವುದೂ ಈ ಮಾತಿನಿಂದಲೇ, ಬಾಗಿಲೊಳಗೆ ಎಷ್ಟು ದೂರ ಹೋಗಬಹುದು ಎಂಬ ಮಿತಿ ಇರುವುದೂ ಈ ಮಾತಿನಲ್ಲೇ.

ನಿಮ್ಮ ವೀಸಾದ ವಿಷಯಕ್ಕೆ ಬರುತ್ತೇನೆ. ಎಚ್-4 ಇಎಡಿ ಇರುವವರು ಸ್ವಂತ ಉದ್ಯೋಗವನ್ನೂ ಮಾಡಬಹುದು, ಹಾಗಾಗಿ ಶುಲ್ಕ ಪಡೆದು ನೋಟರಿ ಕೆಲಸ ಮಾಡಲು ಅಡ್ಡಿಯಿಲ್ಲ. ಆದರೆ ನೋಟರಿಯ ಅವಧಿ ನಾಲ್ಕು ವರ್ಷ. ಕಾರ್ಡಿನ ಅವಧಿ ಅದಕ್ಕಿಂತ ಮೊದಲೇ ಮುಗಿಯಬಹುದು. ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡೇ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯ 2025ರ ಅಕ್ಟೋಬರ್ 30ರಿಂದೀಚೆಗೆ ಸಲ್ಲಿಸಿದ ಅರ್ಜಿಗಳಿಗೆ ಇಲ್ಲ. ಕಾರ್ಡಿನ ಅವಧಿ ಮುಗಿದು ಹೊಸದು ಕೈಸೇರದ ದಿನಗಳಲ್ಲಿ, ನೋಟರಿ ಮುದ್ರೆ ಮೇಜಿನ ಮೇಲಿದ್ದರೂ ಒಂದು ಡಾಲರನ್ನೂ ಪಡೆಯಬೇಡಿ. ನಿಮ್ಮ ಪತಿಗೂ ಒಂದು ಮಾತು: ಎಚ್-1ಬಿ ಅನುಮತಿ ಇರುವುದು ಆ ಒಬ್ಬ ಉದ್ಯೋಗದಾತರ ಕೆಲಸಕ್ಕೆ ಮಾತ್ರ. ಅವರೂ ಮುದ್ರೆ ಮಾಡಿಸಿಕೊಂಡು ವಾರಾಂತ್ಯದಲ್ಲಿ ಸಂಪಾದಿಸುತ್ತೇನೆ ಎಂದು ಹೊರಡುವುದು ಬೇಡ.

ಅರ್ಜಿಯ ಕ್ರಮ ಸರಳ. ಮೊದಲು 10,000 ಡಾಲರ್ ಮೊತ್ತದ ಜಾಮೀನು ಬಾಂಡ್ ಕೊಳ್ಳಬೇಕು. ಅಷ್ಟು ಹಣ ಕಟ್ಟಬೇಕಾಗಿಲ್ಲ, ಅದರ ಸಣ್ಣ ಪಾಲನ್ನು ಪ್ರೀಮಿಯಂ ಆಗಿ ಕೊಟ್ಟರೆ ಸಾಕು. ರಾಜ್ಯ ಕಾರ್ಯದರ್ಶಿಯವರ ಕಚೇರಿಗೆ 21 ಡಾಲರ್ ಶುಲ್ಕ. 2026ರ ಜನವರಿಯಿಂದ ಎರಡು ಗಂಟೆ ಮೀರದ ಒಂದು ಕಡ್ಡಾಯ ಪಾಠವೂ ಸೇರಿಕೊಂಡಿದೆ. ಪ್ರಮಾಣವಚನ, ಐದು ಮೂಲೆಯ ನಕ್ಷತ್ರವಿರುವ ಮುದ್ರೆ, ದಾಖಲೆ ಪುಸ್ತಕ, ಇಷ್ಟಾದರೆ ನೀವು ಸಾಂಪ್ರದಾಯಿಕ ನೋಟರಿ. ಬಾಂಡ್ ಬಗ್ಗೆ ಮಾತ್ರ ಒಂದು ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. ಅದು ನಿಮ್ಮನ್ನು ಕಾಪಾಡುವ ವಿಮೆಯಲ್ಲ. ನಿಮ್ಮ ತಪ್ಪಿನಿಂದ ಇನ್ನೊಬ್ಬರಿಗೆ ನಷ್ಟವಾದರೆ ಬಾಂಡ್ ಕಂಪನಿ ಅವರಿಗೆ ಹಣ ಕೊಟ್ಟು, ಆಮೇಲೆ ಆ ಹಣವನ್ನು ನಿಮ್ಮಿಂದಲೇ ವಸೂಲು ಮಾಡುತ್ತದೆ. ನಿಮ್ಮ ರಕ್ಷಣೆಗೆ ಬೇಕಾಗಿರುವುದು ತಪ್ಪು-ಲೋಪಗಳ ವಿಮೆ. ಅದನ್ನು ಕಾನೂನು ಕಡ್ಡಾಯ ಮಾಡಿಲ್ಲ, ನಾನಂತೂ ಅದಿಲ್ಲದೆ ಒಂದು ಮುದ್ರೆಯನ್ನೂ ಒತ್ತುವುದಿಲ್ಲ.

ಆನ್‌ಲೈನ್ ನೋಟರಿಯಾಗಲು ಮೊದಲು ಸಾಂಪ್ರದಾಯಿಕ ನೋಟರಿಯಾಗಿರಲೇಬೇಕು. ವರ್ಜೀನಿಯಾ ರಾಜ್ಯ 2012ರಲ್ಲೇ ಆರಂಭಿಸಿದ ಈ ಪದ್ಧತಿಗೆ ಟೆಕ್ಸಸ್ 2018ರ ಜುಲೈ 1ರಿಂದ ಅವಕಾಶ ಕೊಟ್ಟಿತು. ಕೊರೊನಾ ಕಾಲದಲ್ಲಿ ಅದು ದೇಶದ ಉದ್ದಗಲಕ್ಕೂ ಹರಡಿತು. ಪ್ರತ್ಯೇಕ ಅರ್ಜಿಗೆ 50 ಡಾಲರ್, ಡಿಜಿಟಲ್ ಪ್ರಮಾಣಪತ್ರ, ವಿದ್ಯುನ್ಮಾನ ಮುದ್ರೆ, ಧ್ವನಿ ಮತ್ತು ದೃಶ್ಯ ಎರಡನ್ನೂ ದಾಖಲಿಸಿ ಐದು ವರ್ಷ ಜೋಪಾನ ಮಾಡುವ ತಂತ್ರಾಂಶ ಬೇಕಾಗುತ್ತವೆ. ವಾಟ್ಸ್ಆ್ಯಪ್ ವಿಡಿಯೊ ಕರೆಯಲ್ಲಿ ಮುಖ ನೋಡಿ ಮುದ್ರೆ ಒತ್ತುವುದು ಆನ್‌ಲೈನ್ ನೋಟರಿ ಅಲ್ಲ, ಅದು ಕಾನೂನುಬಾಹಿರ.

ಇಲ್ಲೇ ನಿಮ್ಮ ಅತ್ತೆ ಮಾವನವರ ಪ್ರಶ್ನೆಗೂ ಉತ್ತರವಿದೆ. ಸಹಿ ಮಾಡುವವರು ಟೆಕ್ಸಸ್‌ನಲ್ಲಿರಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ನೋಟರಿಗೆ ಖುದ್ದಾಗಿ ಪರಿಚಯವಿಲ್ಲದವರ ಗುರುತನ್ನು ಪರೀಕ್ಷಿಸಲು, ಅವರ ಸಾಲ, ಹಳೆಯ ವಿಳಾಸ, ವಾಹನ ಮುಂತಾದ ದಾಖಲೆಗಳಿಂದ ಹೆಕ್ಕಿದ ಕನಿಷ್ಠ ಐದು ಪ್ರಶ್ನೆಗಳನ್ನು ಕೇಳುವುದು ರೂಢಿ. ಎರಡು ನಿಮಿಷದೊಳಗೆ ನೂರಕ್ಕೆ ಎಂಬತ್ತರಷ್ಟು ಸರಿಯಾಗಿ ಉತ್ತರಿಸಬೇಕು. ಆ ದಾಖಲೆಗಳು ಅಮೆರಿಕದವು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಹಿರಿಯರ ಬಗ್ಗೆ ಆ ತಂತ್ರಾಂಶಕ್ಕೆ ಕೇಳಲು ಒಂದು ಪ್ರಶ್ನೆಯೂ ಸಿಗುವುದಿಲ್ಲ. ಇಲ್ಲಿಗೆ ಹೊಸದಾಗಿ ಬಂದ ನಮ್ಮ ಹುಡುಗರೇ ಈ ಪರೀಕ್ಷೆಯಲ್ಲಿ ನಪಾಸಾಗುವುದನ್ನು ನೋಡಿದ್ದೇನೆ. ಅತ್ತೆ ಮಾವನವರು ನಿಮಗೆ ಪರಿಚಯದವರೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅವರ ಕಾಗದದಲ್ಲಿ ನಿಮಗೋ ನಿಮ್ಮ ಪತಿಗೋ ಲಾಭವಿದ್ದರೆ ನೀವು ತಟಸ್ಥ ಸಾಕ್ಷಿಯಾಗಿ ಉಳಿಯುವುದಿಲ್ಲ, ಮತ್ತು ಆಸ್ತಿಯ ಕಾಗದಕ್ಕೆ ಸೊಸೆಯ ಮುದ್ರೆ ಬಿದ್ದಿದ್ದರೆ ಮುಂದೊಂದು ದಿನ ಪಾಲಿನ ದಾವೆಯಲ್ಲಿ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಊರಿನಲ್ಲಿರುವವರ ಸಹಿಗೆ ಊರಿನ ನೋಟರಿಯೇ ಸರಿ.

ಊರಿಗೆ ಹೋದಾಗ ಕೆಲಸ ಮುಂದುವರಿಸುವ ಆಸೆಯನ್ನೂ ಬಿಡಬೇಕಾಗುತ್ತದೆ. ಸಹಿ ಮಾಡುವವರು ಎಲ್ಲಿದ್ದರೂ ಆದೀತು, ಆನ್‌ಲೈನ್ ನೋಟರಿ ಮಾತ್ರ ಆ ಹೊತ್ತಿನಲ್ಲಿ ಟೆಕ್ಸಸ್ ನೆಲದ ಮೇಲೆಯೇ ಇರಬೇಕು. ಪತಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿ ಮನೆ ಬದಲಿಸಿದರೆ ನಿಮ್ಮ ನೋಟರಿ ಹುದ್ದೆಯೂ ಅಲ್ಲಿಗೆ ಮುಗಿಯುತ್ತದೆ. ಹೊಸ ರಾಜ್ಯದಲ್ಲಿ ಹೊಸದಾಗಿ ಆರಂಭಿಸಬೇಕು, ಅಲ್ಲಿನ ನಿಯಮ ಬೇರೆಯೇ ಇರಬಹುದು. ಕ್ಯಾಲಿಫೋರ್ನಿಯಾ 2023ರಲ್ಲಿ ಆನ್‌ಲೈನ್ ನೋಟರಿಗೆ ಕಾನೂನು ಮಾಡಿದರೂ ಅದನ್ನು ಪೂರ್ತಿ ಜಾರಿಗೆ ತರಲು 2030ರವರೆಗೆ ಕಾಲಾವಕಾಶ ಇಟ್ಟುಕೊಂಡಿದೆ.

ಈಗ ಜಿಪಿಎ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ತಂದಿರುವುದು ಇದೇ.

ಜಿಪಿಎ ಕರಡು ಬರೆಯುವುದು, ಯಾವ ಅಧಿಕಾರ ಸೇರಿಸಬೇಕು ಯಾವುದನ್ನು ಬಿಡಬೇಕು ಎಂದು ಹೇಳುವುದು, ಜಿಪಿಎ ಸಾಕೋ ವಿಶೇಷ ಅಧಿಕಾರಪತ್ರ ಬೇಕೋ ಎಂದು ಸೂಚಿಸುವುದು, ಇವೆಲ್ಲ ಟೆಕ್ಸಸ್‌ನ ದೃಷ್ಟಿಯಲ್ಲಿ ವಕೀಲಿಕೆ. ಇಲ್ಲಿ ಪರವಾನಗಿ ಇಲ್ಲದೆ ಅದನ್ನು ಮಾಡುವುದು ಅಪರಾಧ. "ನಾನು ಹೇಳುತ್ತಿರುವುದು ಭಾರತದ ಕಾನೂನು, ಅದರಲ್ಲಿ ನಾನು ಪರಿಣತಳು" ಎಂಬ ನಿಮ್ಮ ವಾದ ನ್ಯಾಯವಾದದ್ದೇ. ಆದರೆ ನೋಟರಿಯ ಮೇಜಿನ ಎದುರು ಆ ವಾದಕ್ಕೆ ಬಲವಿಲ್ಲ. ಇದರ ಹಿನ್ನೆಲೆ ತಿಳಿದರೆ ನಿಯಮ ಏಕೆ ಇಷ್ಟು ಬಿಗಿ ಎಂಬುದು ಅರ್ಥವಾಗುತ್ತದೆ. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ 'ನೋಟಾರಿಯೊ ಪೂಬ್ಲಿಕೊ' ಎಂದರೆ ಉನ್ನತ ದರ್ಜೆಯ ಕಾನೂನು ತಜ್ಞ. ಆ ಹೆಸರಿನ ಮೇಲಿದ್ದ ಗೌರವವನ್ನೇ ಬಳಸಿಕೊಂಡು ಇಲ್ಲಿನ ಕೆಲವು ನೋಟರಿಗಳು ವಲಸಿಗರ ವೀಸಾ ಅರ್ಜಿಗಳನ್ನು ತುಂಬಿ, ಹಣ ಕಿತ್ತು, ಎಷ್ಟೋ ಕುಟುಂಬಗಳನ್ನು ಬೀದಿಗೆ ತಂದರು. ಆ ಪದವನ್ನು ಜಾಹೀರಾತಿನಲ್ಲಿ ಬಳಸುವುದನ್ನೇ ಟೆಕ್ಸಸ್ ನಿಷೇಧಿಸಿದೆ. ಭಾರತದ ಓದುಗರ ಮನಸ್ಸಿನಲ್ಲೂ ನೋಟರಿ ಎಂದರೆ ವಕೀಲರೇ ಎಂಬ ಭಾವನೆ ಇರುವುದರಿಂದ, ನಮ್ಮ ಸಮುದಾಯದಲ್ಲಿ ಅದೇ ಅನರ್ಥ ಇನ್ನೊಂದು ಭಾಷೆಯಲ್ಲಿ ನಡೆಯುವುದು ಕಷ್ಟವೇನಲ್ಲ. ನೀವು ನಿಜಕ್ಕೂ ವಕೀಲರಾಗಿದ್ದವರು ಎಂಬುದು ಅಪಾಯವನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ, ಏಕೆಂದರೆ ಜನ ನಿಮ್ಮನ್ನು ಕೇಳದೆ ಬಿಡುವುದಿಲ್ಲ.

ಹಾಗಾದರೆ ಜಿಪಿಎ ವಿಷಯದಲ್ಲಿ ನೀವು ಏನು ಮಾಡಬಹುದು? ಕರಡನ್ನು ಕರ್ನಾಟಕದ ವಕೀಲರು ಬರೆದು ಕಳಿಸಲಿ. ಸಹಿ ಮಾಡುವವರು ಗುರುತಿನ ಚೀಟಿಯೊಂದಿಗೆ ನಿಮ್ಮ ಎದುರಿಗೆ ಬರಲಿ. ಟೆಕ್ಸಸ್‌ನ ಚಾಲನಾ ಪರವಾನಗಿ ಇದ್ದರೆ ತೊಡಕಿಲ್ಲ. ಭಾರತದ ಪಾಸ್‌ಪೋರ್ಟ್ ಒಂದನ್ನೇ ತಂದರೆ ಎಚ್ಚರವಿರಲಿ, ಏಕೆಂದರೆ ಇಲ್ಲಿನ ಕಾನೂನು ವಿದೇಶಿ ಪಾಸ್‌ಪೋರ್ಟನ್ನು ಗುರುತಾಗಿ ಒಪ್ಪುವುದು ವಾಸದ ಮನೆಗೆ ಸಂಬಂಧಿಸಿದ ಪತ್ರಗಳಿಗೆ ಮಾತ್ರ. ಕಾಗದ ಕನ್ನಡದಲ್ಲಿದ್ದರೂ ನಿಮ್ಮ ನೋಟರಿ ಷರಾ ಇಂಗ್ಲಿಷಿನಲ್ಲಿರಲಿ. ಮುದ್ರೆಯಾದ ಮೇಲೆ ಅದನ್ನು ಆಸ್ಟಿನ್‌ನಲ್ಲಿರುವ ರಾಜ್ಯ ಕಾರ್ಯದರ್ಶಿಯವರ ಕಚೇರಿಗೆ ಕಳಿಸಿ ಪ್ರತಿ ಪತ್ರಕ್ಕೆ 15 ಡಾಲರ್ ಕೊಟ್ಟರೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ದೃಢೀಕರಣ ಪತ್ರ, ಲಗತ್ತಿಸುತ್ತಾರೆ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದ ಸದಸ್ಯ ದೇಶವಾಗಿದೆ. ಇದರ ಬದಲು ಭಾರತೀಯ ದೂತಾವಾಸದ ಮೂಲಕವೂ ದೃಢೀಕರಿಸಬಹುದು. ಹೊರದೇಶದಲ್ಲಿರುವವರು ನೋಟರಿ ಅಥವಾ ದೂತಾವಾಸದ ಅಧಿಕಾರಿಯ ಮುಂದೆ ಮಾಡಿದ ಅಧಿಕಾರಪತ್ರವನ್ನು ನೋಂದಣಿ ಕಾಯ್ದೆಯ 33ನೇ ಕಲಮು ಒಪ್ಪುತ್ತದೆ. ಪತ್ರ ಕರ್ನಾಟಕ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅನೇಕರು ಮರೆಯುವುದು ಇದನ್ನೇ, ಕೊರಿಯರ್ ಲಕೋಟೆಯನ್ನು ಬಿಸಾಡದೆ ಇಟ್ಟುಕೊಳ್ಳಲು ನಾನು ಹೇಳುವುದೂ ಇದೇ ಕಾರಣಕ್ಕೆ.

ಇದೇ ಜಿಪಿಎಯನ್ನು ಆನ್‌ಲೈನ್ ನೋಟರಿ ಮೂಲಕ ಮಾಡಿ ಪಿಡಿಎಫ್ ಕಳಿಸಬಹುದೇ ಎಂದು ಬಳಗದವರು ಖಂಡಿತ ಕೇಳುತ್ತಾರೆ. ಬೇಡ ಎನ್ನಿ. ಭಾರತದ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿ, ಕೆಲವು ಹಣಕಾಸು ವ್ಯವಹಾರಗಳನ್ನು ಬಿಟ್ಟರೆ, ಅಧಿಕಾರಪತ್ರಗಳನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮರಣಶಾಸನಕ್ಕೂ ಅದೇ ಗತಿ. ಟೆಕ್ಸಸ್‌ನಲ್ಲಿ ಸಿಂಧುವಾದ ಕಾಗದ ಉಪನೋಂದಣಾಧಿಕಾರಿಯ ಮೇಜಿನ ಮೇಲೆ ಬರಿಯ ಮುದ್ರಿತ ಹಾಳೆಯಾಗಿಬಿಡುತ್ತದೆ. ಊರಿನ ಆಸ್ತಿಗೆ ಶಾಯಿಯ ಸಹಿ, ಎದುರಾಎದುರು ಮುದ್ರೆ, ಅಷ್ಟೆ.

ಇನ್ನೊಂದು ಬಗೆಯ ಒತ್ತಡಕ್ಕೂ ನೀವು ಸಿದ್ಧರಾಗಿರಬೇಕು. "ಗಂಡ ಬೆಂಗಳೂರಿಗೆ ಹೋಗಿದ್ದಾರೆ ಅಕ್ಕಾ, ಸಹಿ ಮಾಡಿಟ್ಟೇ ಹೋಗಿದ್ದಾರೆ, ನೀವು ಒಂದು ಸೀಲು ಒತ್ತಿಬಿಡಿ" ಎಂದು ಪರಿಚಯದವರು ಬರುತ್ತಾರೆ. ಊರಿನ ನ್ಯಾಯಾಲಯಗಳ ಆವರಣದಲ್ಲಿ ಇಂಥ ಸಲಿಗೆಯನ್ನು ನಾವಿಬ್ಬರೂ ಕಂಡವರು. ಇಲ್ಲಿ 2025ರ ಸೆಪ್ಟೆಂಬರ್‌ನಿಂದ, ಸಹಿ ಮಾಡಿದವರು ಎದುರಿಗಿಲ್ಲವೆಂದು ತಿಳಿದೂ ನೋಟರಿ ಮಾಡುವುದು ಒಂದು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದಾದ ಅಪರಾಧ. ಕಾಗದ ಸ್ಥಿರಾಸ್ತಿಯ ವರ್ಗಾವಣೆಯದಾಗಿದ್ದರೆ ಇನ್ನೂ ಗಂಭೀರ, ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ಪೌರರಿಗಾದರೆ ಅದು ಅಲ್ಲಿಗೆ ಮುಗಿಯುತ್ತದೆ. ವೀಸಾದಲ್ಲಿರುವ ನಿಮಗೆ ಅಪ್ರಾಮಾಣಿಕತೆಯ ಇಂಥ ಒಂದು ಶಿಕ್ಷೆ ಇಡೀ ಕುಟುಂಬದ ಹಸಿರು ಕಾರ್ಡಿನ ದಾರಿಯನ್ನೇ ಮುಚ್ಚಬಹುದು. ಅಕ್ಕ ಎಂದು ಕರೆದವರಿಗೆ ಇಲ್ಲ ಎನ್ನುವುದು ನಮ್ಮವರಿಗೆ ಕಷ್ಟ. ಆ ಕಷ್ಟವನ್ನು ಪಡಲು ಸಾಧ್ಯವಿಲ್ಲವೆನಿಸಿದರೆ ಈ ಕೆಲಸಕ್ಕೆ ಕೈಹಾಕಬೇಡಿ. ಪ್ರತಿಯೊಂದು ಮುದ್ರೆಯ ವಿವರವನ್ನೂ ದಾಖಲೆ ಪುಸ್ತಕದಲ್ಲಿ ಬರೆದು ಹತ್ತು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವೂ ಈಗ ಇದೆ.

ಸಂಪಾದನೆಯ ಲೆಕ್ಕ ಹೇಳಿದರೆ ನಿಮ್ಮ ಗೆಳತಿಗೆ ಬೇಸರವಾದೀತು. ಮೊದಲ ಸಹಿಗೆ 10 ಡಾಲರ್, ಅದೇ ಪತ್ರದಲ್ಲಿ ಆಮೇಲಿನ ಪ್ರತಿ ಸಹಿಗೆ 1 ಡಾಲರ್, ಇದು ಕಾನೂನು ನಿಗದಿ ಮಾಡಿರುವ ಮಿತಿ. ಆನ್‌ಲೈನ್ ಆದರೆ ಅದರ ಮೇಲೆ 25 ಡಾಲರ್‌ವರೆಗೆ ಸೇರಿಸಬಹುದು, ಆದರೆ ತಂತ್ರಾಂಶದ ಬಾಡಿಗೆಯೂ ಅದರಿಂದಲೇ ಹೋಗಬೇಕು. ತಿಂಗಳಿಗೆ ಸಾವಿರಾರು ಡಾಲರ್ ಎಂದು ಹೇಳುವ ಹಲವರ ನಿಜವಾದ ಗಳಿಕೆ, ಹಾಗೆ ಗಳಿಸುವುದನ್ನು ಕಲಿಸುತ್ತೇವೆಂದು ಮಾರುವ ಕೋರ್ಸುಗಳಿಂದ ಬರುವಂಥದ್ದು. ಗೃಹಸಾಲದ ಕಾಗದಗಳಿಗೆ ಮನೆಮನೆಗೆ ಹೋಗಿ ಸಹಿ ಮಾಡಿಸುವ ಕೆಲಸದಲ್ಲಿ ಒಂದೊಂದು ಭೇಟಿಗೂ ಹೆಚ್ಚಿನ ಸಂಭಾವನೆ ಸಿಗುವುದು ನಿಜ. ಆದರೆ ಅದು ಬಡ್ಡಿ ದರದ ಜೊತೆಗೆ ಏರಿಳಿಯುವ ಕಸುಬು. ಸಾಲದೆಂಬಂತೆ ಮನೆಯ ಮೌಲ್ಯದ ಮೇಲೆ ಪಡೆಯುವ ಹೋಮ್ ಇಕ್ವಿಟಿ ಸಾಲದ ಸಹಿ, ಸಾಲ ಕೊಡುವವರ, ವಕೀಲರ ಅಥವಾ ಟೈಟಲ್ ಕಂಪನಿಯ (ಆಸ್ತಿಯ ಹಕ್ಕನ್ನು ಪರಿಶೀಲಿಸುವ ಸಂಸ್ಥೆಯ) ಕಚೇರಿಯಲ್ಲೇ ಆಗಬೇಕೆಂದು ಟೆಕ್ಸಸ್ ಸಂವಿಧಾನವೇ ಹೇಳುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಅದು ಸಲ್ಲದು. ಒಂದು ಸಣ್ಣ ಸಮಾಧಾನವೆಂದರೆ, ನೋಟರಿ ಶುಲ್ಕಕ್ಕೆ ಸ್ವ-ಉದ್ಯೋಗ ತೆರಿಗೆ ಇಲ್ಲ. ಆದಾಯ ತೆರಿಗೆ ಇದ್ದೇ ಇದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಾಂಪ್ರದಾಯಿಕ ನೋಟರಿಯನ್ನಷ್ಟೇ ಈಗ ಮಾಡಿಕೊಳ್ಳುತ್ತಿದ್ದೆ. ಖರ್ಚು ಕಡಿಮೆ, ಕಲಿಯುವುದೂ ಬೇಗ. ಅದನ್ನು ಸ್ವತಂತ್ರ ಕಸುಬಾಗಿ ನೋಡದೆ, ಟೈಟಲ್ ಕಂಪನಿ ಅಥವಾ ವಕೀಲರ ಕಚೇರಿಯ ಸಹಾಯಕ ಹುದ್ದೆಗೆ ಅರ್ಜಿ ಹಾಕುವಾಗ ಒಂದು ಅರ್ಹತೆಯಾಗಿ ಮುಂದಿಡುತ್ತಿದ್ದೆ. ಕ್ರಯಪತ್ರ, ಋಣಭಾರ, ಹಕ್ಕಿನ ಸರಪಳಿ ಇವನ್ನು ಓದಬಲ್ಲ ನಿಮ್ಮಂಥವರಿಗೆ ಅಲ್ಲಿ ಬೆಲೆಯಿದೆ, ಮತ್ತು ಅಲ್ಲಿ ಸಲಹೆ ಕೊಡುವ ಹೊಣೆ ಪರವಾನಗಿ ಇರುವ ಇನ್ನೊಬ್ಬರದು. ಆನ್‌ಲೈನ್ ಮುದ್ರೆಗೆ ಆ ಕಚೇರಿಯೇ ಹಣ ಹೂಡಲಿ. ಕೈಯಿಂದ ಹಾಕಿ ಗಿರಾಕಿಗಳಿಗಾಗಿ ಕಾಯುವುದು ಬೇಡ.

ಕೊನೆಯದಾಗಿ, ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕನ್ನಡದಲ್ಲಿ ಪ್ರಕಟಣೆ ಹಾಕುವಿರಾದರೆ ಒಂದು ನಿಯಮ ನಿಮಗೆ ನೇರವಾಗಿ ಅನ್ವಯಿಸುತ್ತದೆ. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಜಾಹೀರಾತು ಕೊಡುವ ನೋಟರಿ, ತಾನು ವಕೀಲರಲ್ಲ ಎಂಬ ಸೂಚನೆಯನ್ನು ಆ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಎದ್ದುಕಾಣುವ ಅಕ್ಷರಗಳಲ್ಲಿ ಹಾಕಲೇಬೇಕು. ಹೆಸರಿನ ಮುಂದೆ 'ಅಡ್ವೊಕೇಟ್' ಬೇಡ, 'ಬಿಎ, ಎಲ್ಎಲ್‌ಬಿ' ಕೂಡ ಬೇಡ. ಕನ್ನಡದ ಸಾಲು ಹೀಗಿದ್ದರೆ ಸಾಕು: "ನಾನು ಟೆಕ್ಸಸ್‌ನಲ್ಲಿ ವಕೀಲಿಕೆಯ ಪರವಾನಗಿ ಪಡೆದವಳಲ್ಲ, ಕಾನೂನು ಸಲಹೆ ಕೊಡುವುದಾಗಲಿ ಅದಕ್ಕಾಗಿ ಶುಲ್ಕ ಪಡೆಯುವುದಾಗಲಿ ನನಗೆ ಅನುಮತಿ ಇಲ್ಲ."